ನಗಿಸ್ತಾ ಕೇಳಿ, ಉತ್ತರ ಬರುವವರೆಗೆ ಕೇಳಿ: ಕಾಸರಗೋಡಿನ ಕನ್ನಡ ಹೋರಾಟಕ್ಕೆ ಕುಶಾಲು, ಪೇಪರು, ಮೊಬೈಲು ಬಳಸುವ ಕ್ರಮ

ಮೀಮ್ ಮಾಡುದು ಹೇಗೆ ಅಂತ ನಮ್ಮ ಪ್ಲಸ್ ಟು ಮಕ್ಕಳಿಗೆ ಯಾರೂ ಕಲಿಸ್ಬೇಕಾಗಿಲ್ಲ, ಅವರು ನಮ್ಗಿಂತ ಚಂದ ಮಾಡ್ತಾರೆ. ನಾನು ಇಲ್ಲಿ ಬರೀತಿರುದು ಕುಶಾಲನ್ನು ಹಿಡ್ಕೊಂಡು ಒಂದು ಆಫೀಸಿನಿಂದ ಒಂದು ಕೆಲಸ ಮಾಡಿಸ್ಕೊಳ್ಳುದು ಹೇಗೆ ಅಂತ. 1956 ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಚಂದ್ರಗಿರಿ ಹೊಳೆಯ ಬಡಗು ಬದಿ ಕರ್ನಾಟಕಕ್ಕೆ ಸೇರ್ಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳೀತು, ಅಲ್ಲಿಂದ ಇಲ್ಲಿವರೆಗೆ ನಮ್ಮ ಹಿರಿಯರು ಮೆರವಣಿಗೆ, ಉಪವಾಸ, ಮನವಿ, ಕೋರ್ಟು ಎಲ್ಲ ಮಾಡಿದ್ದಾರೆ. ಅವರು ಮಾಡಿದ್ದಕ್ಕೇ ಇವತ್ತು ಇಲ್ಲಿ ಕನ್ನಡ ಶಾಲೆ ಉಂಟು. ಆದ್ರೆ ಐದಾರು ಜನ ಸಾಲಾಗಿ ನಿಂತು ಅಧಿಕಾರಿ ಕೈಗೆ ಕಾಗದ ಕೊಡುವ ಫೋಟೊ ಪೇಪರಿನಲ್ಲಿ ಬಂದ್ರೆ ಮರುದಿನ ಯಾರಿಗೆ ನೆನಪಿರ್ತದೆ ಹೇಳಿ. ಕೊಟ್ಟವರಿಗೆ ನೆನಪಿರ್ತದೆ, ಅಷ್ಟೆ. ಕನ್ನಡ ಗೊತ್ತಿಲ್ಲದ ಟೀಚರನ್ನು ಕನ್ನಡ ಮಾಧ್ಯಮದ ಕ್ಲಾಸಿಗೆ ಹಾಕುದು, ಕನ್ನಡದಲ್ಲಿ ಕೊಟ್ಟ ಅರ್ಜಿಗೆ ಮಲಯಾಳದಲ್ಲಿ ಉತ್ತರ ಬರುದು, ಇದೆಲ್ಲ ಇವತ್ತಿಗೂ ನಡೀತಾ ಉಂಟು. ಕೇಳುವ ಕ್ರಮವನ್ನು ಸ್ವಲ್ಪ ಬದಲಾಯಿಸ್ಬೇಕು ಅಂತ ನನ್ನ ಅಭಿಪ್ರಾಯ.

ನಗೆ ಯಾಕೆ ಕೆಲಸ ಮಾಡ್ತದೆ

ಬೈದ್ರೆ ಅವರೂ ಬೈತಾರೆ, ಬಾಗಿಲು ಹಾಕ್ತಾರೆ, ಅಲ್ಲಿಗೆ ಮುಗೀತು. ನಗಿಸಿದ್ರೆ ಎದುರಿನವರಿಗೆ ಎಂತ ಮಾಡ್ಬೇಕು ಅಂತ ಗೊತ್ತಾಗುದಿಲ್ಲ. ಸೆರ್ಬಿಯಾ ದೇಶದಲ್ಲಿ 1998ರಲ್ಲಿ ಒಟ್ಪೋರ್ ಅಂತ ವಿದ್ಯಾರ್ಥಿಗಳ ಸಂಘಟನೆ ಶುರುವಾಯ್ತು, ಅವರು ಬೆಲ್‌ಗ್ರೇಡ್ ಪೇಟೆಯಲ್ಲಿ ಒಂದು ಡ್ರಮ್ಮಿಗೆ ಅಧ್ಯಕ್ಷ ಮಿಲೊಸೆವಿಚ್‌ನ ಚಿತ್ರ ಅಂಟಿಸಿ, ಪಕ್ಕದಲ್ಲಿ ಒಂದು ದೊಣ್ಣೆ ಇಟ್ಟು, ನಾಣ್ಯ ಹಾಕಿ ಒಂದು ಪೆಟ್ಟು ಕೊಡಿ ಅಂತ ಬರ್ದು ಅವರು ದೂರ ಹೋಗಿ ಕೂತ್ರು. ಜನ ಸಾಲು ನಿಂತ್ರು. ಪೋಲೀಸರು ಬಂದಾಗ ಹಿಡೀಲಿಕ್ಕೆ ಯಾರೂ ಇಲ್ಲ, ಕೊನೆಗೆ ಡ್ರಮ್ಮನ್ನೇ ಎತ್ಕೊಂಡು ಹೋದ್ರು. ಬಿಟ್ರೆ ಜನ ಹೊಡೀತಾರೆ, ಎತ್ತಿದ್ರೆ ಪೋಲೀಸರು ಡ್ರಮ್ಮನ್ನು ಅರೆಸ್ಟ್ ಮಾಡಿದ ಫೋಟೊ ಬರ್ತದೆ. ರಷ್ಯಾದ ಬರ್ನೌಲ್ ಊರಿನಲ್ಲಿ 2012ರಲ್ಲಿ ಪ್ರತಿಭಟನೆಗೆ ಪರ್ಮಿಷನ್ ಸಿಗದಿದ್ದಾಗ ಜನ ಮಕ್ಕಳ ಗೊಂಬೆಗಳ ಕೈಗೆ ಸಣ್ಣ ಸಣ್ಣ ಬೋರ್ಡು ಕೊಟ್ಟು ಹಿಮದಲ್ಲಿ ನಿಲ್ಲಿಸಿದ್ರು, ಅದಕ್ಕೂ ಅಧಿಕಾರಿಗಳು ಪರ್ಮಿಷನ್ ಕೊಡ್ಲಿಲ್ಲ, ಗೊಂಬೆಗಳು ದೇಶದ ಪ್ರಜೆಗಳಲ್ಲ ಅಂತ ಕಾರಣ ಹೇಳಿದ್ರು. ಆ ಕಾರಣ ಓದಿ ಇಡೀ ಪ್ರಪಂಚ ನಕ್ಕಿತು.

ಈ ಎರಡರಲ್ಲೂ ಗಮನಿಸ್ಬೇಕಾದ್ದು ಒಂದೇ ಉಂಟು, ಜೋಕ್ ಮಾಡಿದವರು ಎದುರಿನವರಿಗೆ ಎರಡು ದಾರಿ ಬಿಟ್ಟಿದ್ದಾರೆ, ಯಾವ ದಾರಿ ಹಿಡಿದ್ರೂ ಹೋರಾಟಕ್ಕೇ ಲಾಭ. ನಿಮ್ಮ ಐಡಿಯಾವನ್ನು ಹೀಗೆ ಪರೀಕ್ಷೆ ಮಾಡಿ: ಆಫೀಸಿನವರು ಸುಮ್ಮನಿದ್ರೆ ಎಂತ ಆಗ್ತದೆ, ತಡೆದ್ರೆ ಎಂತ ಆಗ್ತದೆ. ಎರಡಕ್ಕೂ ಉತ್ತರ ಇಲ್ಲಾಂದ್ರೆ ಆ ಐಡಿಯಾ ಬರೀ ತಮಾಷೆ, ಫ್ರೆಂಡ್ಸಿಗೆ ಕಳಿಸಿ ನಗಾಡಿ ಬಿಟ್ಬಿಡಿ.

ನಮ್ಮ ಹತ್ತಿರದ್ದೇ ಹೇಳ್ಬೇಕಾದ್ರೆ ಕಲಾವಿದ ಬಾದಲ್ ನಂಜುಂಡಸ್ವಾಮಿ ಉಂಟಲ್ಲ, 2015ರಲ್ಲಿ ಬೆಂಗಳೂರಿನ ರಸ್ತೆ ಹೊಂಡದಲ್ಲಿ ಮೊಸಳೆ ಮಾಡಿ ಇಟ್ಟವರು, 2019ರಲ್ಲಿ ಹೊಂಡ ಬಿದ್ದ ರಸ್ತೆಯಲ್ಲಿ ಗಗನಯಾತ್ರಿ ಡ್ರೆಸ್ಸಿನ ಮನುಷ್ಯ ನಡೆಯುವ ವಿಡಿಯೊ ಮಾಡಿದವರು. ಚಂದ್ರನ ಮೇಲೆ ನಡೆದ ಹಾಗೆಯೇ ಕಾಣ್ತದೆ, ಆಮೇಲೆ ಪಕ್ಕದಲ್ಲಿ ಒಂದು ರಿಕ್ಷಾ ಹೋಗ್ತದೆ, ಆಗ ಗೊತ್ತಾಗ್ತದೆ. ವಿಡಿಯೊ ಹಬ್ಬಿದ ಕೂಡ್ಲೇ ಪಾಲಿಕೆಯವರು ರಸ್ತೆ ರಿಪೇರಿಗೆ ಬಂದ್ರು. ಅದ್ರಲ್ಲಿ ಒಂದು ಬೈಗುಳ ಇಲ್ಲ, ಒಬ್ಬರ ಹೆಸರಿಲ್ಲ, ಭಾಷೆಯೇ ಬೇಕಾಗಿಲ್ಲ. ರಸ್ತೆ ಯಾವುದು ಅಂತ ಸ್ಪಷ್ಟ, ಮಾಡ್ಬೇಕಾದ್ದು ಎಂತ ಅಂತ ಸ್ಪಷ್ಟ.

ಮೊದ್ಲು ಕಾಗದ, ಆಮೇಲೆ ಜೋಕು

ಇದು ಎಲ್ಲರಿಗೂ ಬೋರ್ ಹೊಡೆಯುವ ಭಾಗ, ಆದ್ರೆ ಇದೇ ಮುಖ್ಯ. 2021 ಜೂನ್‌ನಲ್ಲಿ ಎಂತಾಯ್ತು ನೆನಪುಂಟಾ, ಕಾಸರಗೋಡಿನ ಕನ್ನಡ ಊರುಗಳ ಹೆಸರನ್ನೆಲ್ಲ ಕೇರಳ ಸರಕಾರ ಬದಲಾಯಿಸ್ತದೆ ಅಂತ ದೊಡ್ಡ ಸುದ್ದಿ ಆಯ್ತು, ಬೆಂಗಳೂರಿನಿಂದ ದೊಡ್ಡ ದೊಡ್ಡವರು ಹೇಳಿಕೆ ಕೊಟ್ರು, ಅಂತಾ ಪ್ರಸ್ತಾಪವೇ ಇಲ್ಲ ಅಂತ ಕೇರಳದ ಕಡೆಯಿಂದ ಬಂತು. ಕೈಯಲ್ಲಿ ಆರ್ಡರಿನ ಕಾಪಿ ಇಲ್ಲದೆ ಬೊಬ್ಬೆ ಹಾಕಿದ್ರೆ ಹೀಗೇ ಆಗುದು, ಬೋರ್ಡಿನಲ್ಲಿ, ಬಸ್ಸಿನಲ್ಲಿ, ದಾಖಲೆಯಲ್ಲಿ ಊರಿನ ಹೆಸರು ತಪ್ಪು ತಪ್ಪು ಬರೆಯುವ ನಿಜವಾದ ದೂರು ಉಂಟಲ್ಲ, ಅದು ಆ ಗಲಾಟೆಯಡಿ ಮುಚ್ಚಿ ಹೋಗ್ತದೆ.

ಹಾಗಾಗಿ ನಮ್ಮ ಕೈಯಲ್ಲಿ ಯಾವ ಕಾಗದ ಉಂಟು ನೋಡುವ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಅವರವರ ಭಾಷೆಯಲ್ಲಿ ಸರಕಾರದ ಜೊತೆ ಪತ್ರ ವ್ಯವಹಾರ ಮಾಡುವ ಹಕ್ಕು ಉಂಟು, ಸೆಕ್ರೆಟರಿಯೇಟಿಗೂ ಬರೀಬಹುದು, ನಮ್ಮ ಪ್ರದೇಶದ ಲೋಕಲ್ ಆಫೀಸಿಗೂ ಬರೀಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರ್ಬೇಕು. ಸಂವಿಧಾನದ 350ನೇ ವಿಧಿಯಲ್ಲಿ ದೂರನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದ್ರೂ ಕೊಡಬಹುದು ಅಂತ ಉಂಟು, 350ಎ ಪ್ರಕಾರ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಮಾಡಿ ಕೊಡ್ಲಿಕ್ಕೆ ರಾಜ್ಯ ಪ್ರಯತ್ನ ಮಾಡ್ಬೇಕು, 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗೆ ಅಂತ್ಲೇ ಒಬ್ಬ ವಿಶೇಷಾಧಿಕಾರಿ ಇರ್ಬೇಕು. ಇದನ್ನೆಲ್ಲ ನಾವು ಭಾಷಣದಲ್ಲಿ ಹೇಳ್ತೇವೆ, ಬಳಸುದು ಕಡಿಮೆ.

ಬಳಸುದು ಹೇಗೆ ಅಂದ್ರೆ ಆರ್‌ಟಿಐ ಹಾಕಿ. ಫೀಸು 10 ರುಪಾಯಿ, ಉತ್ತರಕ್ಕೆ 30 ದಿನ. ಪ್ರಶ್ನೆ ಸಣ್ಣದಿರ್ಲಿ, ಅಭಿಪ್ರಾಯ ಕೇಳ್ಬೇಡಿ, ಲೆಕ್ಕ ಕೇಳಿ. ಈ ಆಫೀಸಿಗೆ ಕಳೆದ ವರ್ಷ ಕನ್ನಡದಲ್ಲಿ ಬಂದ ಅರ್ಜಿ ಎಷ್ಟು, ಕನ್ನಡದಲ್ಲಿ ಉತ್ತರ ಕೊಟ್ಟದ್ದು ಎಷ್ಟು, ಕನ್ನಡದಲ್ಲಿ ಅಚ್ಚಾದ ಫಾರಂ ಯಾವುದೆಲ್ಲ ಉಂಟು, ಕನ್ನಡ ಓದ್ಲಿಕ್ಕೆ ಬರೀಲಿಕ್ಕೆ ಗೊತ್ತಿರುವ ಸಿಬ್ಬಂದಿ ಎಷ್ಟು ಜನ. ಆ ಉತ್ತರದ ಕಾಗದ ಬಂತಲ್ಲ, ನಿಮ್ಮ ಜೋಕಿನ ಅರ್ಧ ಭಾಗ ಅದೇ. ಅದರ ಮೇಲೆ ಏನು ಬರೆದ್ರೂ ಸುಳ್ಳು ಅಂತ ಯಾರಿಗೂ ಹೇಳ್ಲಿಕ್ಕಾಗುದಿಲ್ಲ, ಯಾಕೆಂದ್ರೆ ಸೀಲು ಅವರದ್ದೇ.

ಫಾರಂ ಓದುವ ಸ್ಪರ್ಧೆ: ಒಂದು ಪೂರ್ತಿ ಪ್ಲಾನು

ಮಾತಲ್ಲೇ ಹೇಳಿದ್ರೆ ಗೊತ್ತಾಗುದಿಲ್ಲ, ಹಾಗಾಗಿ ಒಂದು ಕಾರ್ಯಕ್ರಮ ಪೂರ್ತಿ ಬರೀತೇನೆ, ಯಾರು ಬೇಕಾದ್ರೂ ತೆಗೊಳ್ಳಿ. ಮಲಯಾಳದಲ್ಲಿ ಮಾತ್ರ ಇರುವ ಒಂದು ಫಾರಂ ಆರಿಸಿ, ಪೆನ್ಷನ್‌ನದ್ದೋ ಮತ್ತೊಂದೋ, ನಮ್ಮ ಅಜ್ಜ ಅಜ್ಜಿಯಂದಿರು ಬೇರೆಯವರ ಕೈಲಿ ತುಂಬಿಸ್ಕೊಳ್ಳುವಂತದ್ದು. ಅದನ್ನು ದೊಡ್ಡ ಫ್ಲೆಕ್ಸ್ ಮಾಡಿಸಿ. ಸ್ಪರ್ಧೆಯ ನಿಯಮ ಸಸಾರ: ಕನ್ನಡ ಮಾತ್ರ ಓದ್ಲಿಕ್ಕೆ ಗೊತ್ತಿರುವ 60 ದಾಟಿದವರು ಬಂದು, ಈ ಫಾರಂನಲ್ಲಿ ಎಂತ ಕೇಳಿದ್ದಾರೆ ಅಂತ ಊಹಿಸಿ ಹೇಳ್ಬೇಕು, ಸರಿ ಹೇಳಿದವರಿಗೆ ಒಂದು ಗೊನೆ ಕದಳಿ ಬಾಳೆಹಣ್ಣು. ತಪ್ಪು ಹೇಳಿದವರಿಗೂ ಹಣ್ಣು ಕೊಡಿ, ಹಿರಿಯರನ್ನು ಸೋಲಿಸಿ ಕಳಿಸ್ಬಾರ್ದು. ಜನ ನಗುದು ಅಜ್ಜನ ಊಹೆ ಕೇಳಿ ಅಲ್ಲ, ಆ ಫಾರಂ ಅಜ್ಜನಿಗೆ ಕೊಟ್ಟ ವ್ಯವಸ್ಥೆ ನೋಡಿ ನಗ್ಬೇಕು, ಆ ಗಡಿ ದಾಟದ ಹಾಗೆ ನಡೆಸಿ ಕೊಡುವ ನಿರೂಪಕ ಬೇಕು. ಭಾಗವಹಿಸುವವರಿಗೆ ಮೊದ್ಲೇ ಎಲ್ಲ ವಿವರಿಸಿ ಒಪ್ಪಿಗೆ ತೆಗೊಳ್ಳಿ.

ನೋಟೀಸನ್ನು ಯಕ್ಷಗಾನ ಆಟದ ನೋಟೀಸಿನ ಹಾಗೆ ಮಾಡಿ, ನಮ್ಮಲ್ಲಿ ಆ ನೋಟೀಸು ಕಂಡ್ರೆ ಓದದೆ ಬಿಡುವವರಿಲ್ಲ. ಸಂಬಂಧಪಟ್ಟ ಅಧಿಕಾರಿಗೆ ಮುಖ್ಯ ಅತಿಥಿ ಅಂತ ಕರೆಯೋಲೆ ಕೊಡಿ, ನಿಜವಾಗಿ ಕೊಡಿ, ಮರ್ಯಾದೆಯಲ್ಲಿ ಕೊಡಿ. ಅವರು ಬಂದ್ರೆ ಎಲ್ಲರೆದುರು ಕನ್ನಡ ಫಾರಂ ಯಾವಾಗ ಬರ್ತದೆ ಅಂತ ಹೇಳ್ಬೇಕಾಗ್ತದೆ. ಬರದಿದ್ರೆ ಖಾಲಿ ಕುರ್ಚಿಯ ಮೇಲೆ ಕರೆಯೋಲೆ ಇಟ್ಟು ಕಾರ್ಯಕ್ರಮ ಮಾಡಿ, ಫೋಟೊ ಅದೇ.

ಜಾಗದ ವಿಷಯದಲ್ಲಿ ಜಾಗ್ರತೆ. ರಸ್ತೆಯಲ್ಲಿ, ರಸ್ತೆ ಬದಿಯಲ್ಲಿ ಸಭೆ ಮಾಡುದಕ್ಕೆ ಕೇರಳದಲ್ಲಿ ಹೈಕೋರ್ಟ್ 2010ರಲ್ಲೇ ತಡೆ ಹಾಕಿತ್ತು, 2011ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. ಶಾಲೆ ಮೈದಾನವೋ, ಕ್ಲಬ್ಬಿನ ಅಂಗಳವೋ, ಖಾಸಗಿ ಜಾಗವೋ ನೋಡಿ. ಮೈಕಿಗೆ ಪೋಲೀಸ್ ಪರ್ಮಿಷನ್ ಬೇಕು, ರಾತ್ರಿ 10ರ ಮೇಲೆ ಮೈಕ್ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ಬಂದವರೆಲ್ಲ ಒಂದೊಂದು ಪೋಸ್ಟ್ ಕಾರ್ಡು ಬರೀಲಿ, 50 ಪೈಸೆಯ ಕಾರ್ಡು, ಕನ್ನಡದಲ್ಲಿ, ಎರಡೇ ಸಾಲು, ನನಗೆ ಈ ಫಾರಂ ಕನ್ನಡದಲ್ಲಿ ಬೇಕು, ಉತ್ತರ ಕನ್ನಡದಲ್ಲಿ ಕೊಡಿ. ಕಾರ್ಡಿಗೆ ರಶೀದಿ ಸಿಗುದಿಲ್ಲ, ಹಾಗಾಗಿ ಎಲ್ಲರ ಪರವಾಗಿ ಒಂದು ಅರ್ಜಿ ಆಫೀಸಿನಲ್ಲೇ ಕೊಟ್ಟು ರಶೀದಿ ತೆಗೊಳ್ಳಿ. ಇನ್ನು ಅವರಿಗೆ ಇರುದು ಎರಡೇ ದಾರಿ, ಕನ್ನಡ ಗೊತ್ತಿರುವವರನ್ನು ಕೂರಿಸಿ ಉತ್ತರ ಬರೆಸುದು, ಇಲ್ಲ ಸುಮ್ಮನಿದ್ದು 1969ರ ಕಾನೂನನ್ನು ಎಷ್ಟು ಸಲ ಮುರಿದ್ರು ಅಂತ ನಾವು ಎಣಿಸ್ತಾ ಕೂರುದು.

2009ರಲ್ಲಿ ಮಂಗ್ಳೂರಿನ ಪಬ್ ದಾಳಿ ಆದ ಮೇಲೆ ಪಿಂಕ್ ಚಡ್ಡಿ ಅಂತ ಒಂದು ಅಭಿಯಾನ ನಡೀತಲ್ಲ, ಅದರ ಬಗ್ಗೆ ನಿಮ್ಮ ಅಭಿಪ್ರಾಯ ಎಂತದೇ ಇರ್ಲಿ, ಅದು ಅಷ್ಟು ಹಬ್ಬಿದ್ದು ಯಾಕೆಂದ್ರೆ ಮನೇಲಿ ಕೂತವರಿಗೂ ಮಾಡ್ಲಿಕ್ಕೆ ಒಂದು ಕೆಲಸ ಕೊಟ್ಟಿತ್ತು, ದಾಳಿ ಮಾಡಿದ ಸಂಘಟನೆಯ ನಾಯಕರಿಗೆ ಗುಲಾಬಿ ಚಡ್ಡಿಯ ಒಂದು ಪಾರ್ಸೆಲ್ ಕಳಿಸುದು. ಶೇರ್ ಮಾಡಿ ಅಂತ ಮಾತ್ರ ಹೇಳಿದ್ರೆ ಜನ ಶೇರ್ ಮಾಡಿ ಮರೀತಾರೆ. ಕೈಯಲ್ಲಿ ಮಾಡುವ ಒಂದು ಸಣ್ಣ ಕೆಲಸ ಕೊಡಿ.

ಯಾರನ್ನು ನೋಡಿ ನಗುದು

ಇಲ್ಲಿ ನಾನು ಗಟ್ಟಿಯಾಗಿ ಹೇಳ್ತೇನೆ. ಆರ್ಡರನ್ನು ಕುಶಾಲು ಮಾಡಿ, ಆರ್ಡರಿನಿಂದ ಬಂದು ಸಿಕ್ಕಿ ಹಾಕ್ಕೊಂಡ ಮನುಷ್ಯನನ್ನು ಮಾಡ್ಬೇಡಿ. ಕನ್ನಡ ಕ್ಲಾಸಿಗೆ ಬಂದ ಆ ಮಲಯಾಳಿ ಟೀಚರು ಪಿಎಸ್‌ಸಿ ಬರ್ದು, ಎಲ್ಲೋ ತೆಂಕು ಜಿಲ್ಲೆಯಿಂದ ಬಾಡಿಗೆ ಮನೆ ಹಿಡಿದು ಬಂದವರು, ಅವರಿಗೂ ಆ ಮಕ್ಕಳೆದುರು ನಿಲ್ಲುದು ಸುಖ ಅಲ್ಲ. ಅವರ ವಿಡಿಯೊ ಕದ್ದು ತೆಗೆದು ಟ್ರೋಲ್ ಮಾಡಿದ್ರೆ ಎರಡು ದಿವಸ ಲೈಕು ಬರ್ತದೆ, ಆಮೇಲೆ ಇಡೀ ಕೇರಳದ ಟೀಚರ್ ಸಂಘಟನೆಗಳು ಅವರ ಪರ, ಮಕ್ಕಳ ಕಷ್ಟ ಯಾರಿಗೂ ಕಾಣುದಿಲ್ಲ. ಪ್ರಶ್ನೆ ಕೇಳ್ಬೇಕಾದ್ದು ಅವರನ್ನು ಅಲ್ಲಿಗೆ ಹಾಕಿದ ನಿಯಮಕ್ಕೆ, ಭಾಷೆ ಪರೀಕ್ಷೆಯನ್ನು ಸಡಿಲ ಬಿಟ್ಟ ವ್ಯವಸ್ಥೆಗೆ.

ಇನ್ನೊಂದು, ಉಚ್ಚಾರಣೆಯ ಕುಶಾಲು. ಬ್ಯಾರಿ ಮಾತಾಡುವವರ ಕನ್ನಡ, ಹವ್ಯಕರ ಕನ್ನಡ, ಮಲಯಾಳಿಗಳ ಕನ್ನಡ, ಮರಾಟಿ ಮನೆಯವರ ಕನ್ನಡ, ಇದನ್ನೆಲ್ಲ ಅಣಕಿಸಿ ರೀಲ್ಸ್ ಮಾಡುದು ಸುಲಭ, ನಗುವೂ ಬರ್ತದೆ, ಆದ್ರೆ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲ ಒಟ್ಟಿಗೆ ಇರುವ ಊರಿದು, ನಮ್ಮ ಶಾಲೆ ಉಳೀಬೇಕಾದ್ರೆ ಪಿಟಿಎ ಮೀಟಿಂಗಿಗೆ ಇವರೆಲ್ಲ ಬರ್ಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ ಶಾಲೆಗಳ ಹಾಜರಿ ಪುಸ್ತಕ ತೆಗೆದು ನೋಡಿ, ಯಾವ ಯಾವ ಮನೆಭಾಷೆಯ ಮಕ್ಕಳು ಕೂತಿದ್ದಾರೆ ಅಂತ ಗೊತ್ತಾಗ್ತದೆ.

ಹಾಗಾಗಿ ಪ್ರತಿ ವಿಡಿಯೊಕ್ಕೆ ಮಲಯಾಳ ಸಬ್‌ಟೈಟಲ್ ಹಾಕಿ. ಕೆಲವರಿಗೆ ಇದು ಸೋತ ಹಾಗೆ ಕಾಣ್ತದೆ, ನಾನು ಒಪ್ಪುದಿಲ್ಲ. ತೀರ್ಮಾನ ಆಗುದು ತಿರುವನಂತಪುರದಲ್ಲಿ, ಅಲ್ಲಿಯವರಿಗೆ ಅರ್ಥ ಆಗ್ಬೇಕು. ಮಲಯಾಳಿಗಳಿಗೆ ರಾಜಕೀಯದ ಕುಶಾಲು ಅಂದ್ರೆ ಪ್ರಾಣ, ಒಳ್ಳೆ ಟ್ರೋಲಿಗೆ ಅವರೇ ಮೊದ್ಲು ನಗ್ತಾರೆ, ಅವರೇ ಹಂಚ್ತಾರೆ. ಕನ್ನಡದ ಮಗುವಿಗೆ ಗಣಿತ ಅರ್ಥ ಆಗುದಿಲ್ಲ ಅಂತ ಕೊಚ್ಚಿಯಲ್ಲಿ ಕೂತ ಒಬ್ಬ ಅಪ್ಪನಿಗೆ ತಟ್ಟಿದ್ರೆ ಅದು ಬೆಂಗಳೂರಿನ ಸಾವಿರ ಲೈಕಿಗಿಂತ ದೊಡ್ಡದು. ಇದೇ ವಿಷಯವನ್ನು ಹಿಡಿದು 2018ರಲ್ಲಿ ಕಾಸರಗೋಡಿನ ಸರಕಾರಿ ಶಾಲೆಯ ಮೇಲೆ ಒಂದು ಹಾಸ್ಯದ ಸಿನಿಮಾ ಬಂತು, ಕರ್ನಾಟಕದ ಮೂಲೆ ಮೂಲೆಯವರಿಗೆ ನಮ್ಮ ಸಮಸ್ಯೆ ಗೊತ್ತಾದದ್ದೇ ಆಗ. ನಗಿಸಿದ್ದಕ್ಕೆ ಗೊತ್ತಾಯ್ತು.

ತಾಳಮದ್ದಳೆ ನಮ್ಮಲ್ಲೇ ಉಂಟಲ್ಲ

ಯಕ್ಷಗಾನದ ಕವಿ ಪಾರ್ತಿ ಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರು ನಾವು, ಆಟ ಕೂಟ ನಮ್ಗೆ ಯಾರೂ ಹೊರಗಿನಿಂದ ಕಲಿಸ್ಬೇಕಾಗಿಲ್ಲ. ಆಟದಲ್ಲಿ ರಾಜನೆದುರು ನಿಂತು ಹೇಳ್ಬೇಕಾದ್ದನ್ನು ಹೇಳಿ ಬರುವ ಹಕ್ಕು ಹಾಸ್ಯಗಾರನಿಗೆ ಮೊದ್ಲಿನಿಂದ್ಲೂ ಉಂಟು. ತಾಳಮದ್ದಳೆಗಾದ್ರೆ ವೇಷ ಬೇಡ, ರಂಗಸ್ಥಳ ಬೇಡ, ಒಂದು ಭಾಗವತರು, ಒಂದು ಮದ್ದಳೆ, ಇಬ್ಬರು ಅರ್ಥ ಹೇಳುವವರು ಸಾಕು. ಕೃಷ್ಣ ಸಂಧಾನದ ಚೌಕಟ್ಟು ಹಿಡ್ಕೊಳ್ಳಿ. ಕೃಷ್ಣ ಐದು ಗ್ರಾಮ ಕೇಳಿದ, ಕೌರವ ಸೂಜಿ ಮೊನೆಯಷ್ಟು ನೆಲ ಕೊಡುದಿಲ್ಲ ಅಂದ. ಪೋಷಕರ ಪರ ಒಬ್ಬರು ಬಂದು ಒಂದು ಗಣಿತದ ಟೀಚರ್ ಕೇಳ್ತಾರೆ, ಆಫೀಸಿನ ಪರ ಒಬ್ಬರು ಕೂತು ಕೊಡದಿರ್ಲಿಕ್ಕೆ ಎಷ್ಟು ಕಾರಣ ಉಂಟೋ ಎಲ್ಲ ಹೇಳ್ತಾರೆ. ಎರಡನೆಯವರಿಗೆ ಒಳ್ಳೆ ಅರ್ಥಧಾರಿಯನ್ನೇ ಹಾಕಿ, ಅವರ ವಾದ ಗಟ್ಟಿ ಇರ್ಬೇಕು, ನಿಜವಾಗಿ ಆಫೀಸಿನವರು ಹೇಳುವ ಕಾರಣಗಳನ್ನೇ, ಆರ್‌ಟಿಐಯಲ್ಲಿ ಬಂದ ಉತ್ತರದಲ್ಲಿರುವ ಮಾತುಗಳನ್ನೇ ಹೇಳ್ಬೇಕು. ಎದುರು ಪಕ್ಷವನ್ನು ಪೆದ್ದ ಮಾಡಿದ್ರೆ ಕೂಟ ಸಪ್ಪೆ ಆಗ್ತದೆ ಅಂತ ಯಾವ ಪ್ರೇಕ್ಷಕರನ್ನು ಕೇಳಿದ್ರೂ ಹೇಳ್ತಾರೆ. ಕಾಲು ಗಂಟೆ ಸಾಕು. ಪೂರ್ತಿ ರೆಕಾರ್ಡ್ ಮಾಡಿ, ಅದ್ರಲ್ಲಿ ಒಂದೊಂದು ಪ್ರಶ್ನೋತ್ತರವನ್ನು ಬೇರೆ ಬೇರೆ ಸಣ್ಣ ವಿಡಿಯೊ ಮಾಡಿ, ವಾರಕ್ಕೊಂದರ ಹಾಗೆ ಬಿಡಿ.

ದೇವರು, ದೈವ, ನೇಮ, ಇದನ್ನು ಕುಶಾಲಿಗೆ ತೆಗೊಳ್ಬೇಡಿ. ನೋಯುವವರು ನಮ್ಮವರೇ, ಕೇಸೂ ಆಗ್ಬಹುದು.

ಮೊಬೈಲಿನಲ್ಲಿ ಮಾಡುವಾಗ

ನಮ್ಮಲ್ಲಿ ಎಲ್ಲ ನಡಿಯುದು ವಾಟ್ಸಾಪಿನಲ್ಲಿ, ಕುಟುಂಬಶ್ರೀ ಗ್ರೂಪು, ವಾರ್ಡ್ ಗ್ರೂಪು, ಗಲ್ಫಿನವರ ಗ್ರೂಪು. ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಚಾಟಿಗೆ ಮಾತ್ರ ಫಾರ್ವರ್ಡ್ ಮಾಡ್ಲಿಕ್ಕಾಗುದು, ತುಂಬ ಸಲ ಫಾರ್ವರ್ಡ್ ಆದದ್ದಾದ್ರೆ ಒಂದೇ ಚಾಟಿಗೆ, 2020ರಿಂದ ಹಾಗೆ ಉಂಟು. ಅದಕ್ಕೆ ಒಂದೇ ಫೈಲನ್ನು ತಳ್ಳುದು ಬಿಟ್ಟು ಪ್ರತಿ ಪಂಚಾಯತಿಗೆ ಒಬ್ಬರನ್ನು ಮಾಡಿ, ಅವರು ತಮ್ಮ ಫೋನಿನಿಂದ ಹೊಸತಾಗಿ ಅಪ್‌ಲೋಡ್ ಮಾಡ್ಲಿ, ಜೊತೆಗೆ ತಮ್ಮದೇ ಒಂದು ವಾಕ್ಯ ಬರೀಲಿ. ಗುರುತಿನವರ ಮಾತಿನ ಜೊತೆ ಬಂದ ವಿಡಿಯೊವನ್ನು ಜನ ತೆರೆದು ನೋಡ್ತಾರೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡುದಾದ್ರೆ ನೆನಪಿರ್ಲಿ, ನಿಮ್ಮ ನಂಬರ್ ಸೇವ್ ಮಾಡಿದವರಿಗೆ ಮಾತ್ರ ಅದು ಹೋಗುದು.

ವಿಡಿಯೊ ಅರ್ಧ ನಿಮಿಷದೊಳಗೆ, ಫೋನ್ ನೆಟ್ಟಗೆ ಹಿಡಿದು ತೆಗೆಯಿರಿ. ಮೊದ್ಲ ಮೂರು ಸೆಕೆಂಡಿನಲ್ಲೇ ವಿಷಯ ಕಾಣ್ಬೇಕು, ಲೋಗೊ, ಮ್ಯೂಸಿಕ್, ಅಭಿನಂದನೆ ಯಾರೂ ನೋಡುದಿಲ್ಲ. ಬಸ್ಸಿನಲ್ಲಿ ಸೌಂಡ್ ಇಲ್ಲದೆ ನೋಡುವವರು ಜಾಸ್ತಿ, ಹಾಗಾಗಿ ಅಕ್ಷರ ಇರ್ಲೇಬೇಕು. ಗಾಳಿಯ ಶಬ್ದ ಬಂದ್ರೆ ಮಾತು ಕೇಳುದಿಲ್ಲ, ಇನ್ನೊಂದು ಫೋನನ್ನು ಮಾತಾಡುವವರ ಜೇಬಿನಲ್ಲಿಟ್ಟು ಧ್ವನಿ ರೆಕಾರ್ಡ್ ಮಾಡಿ ಆಮೇಲೆ ಸೇರಿಸಿ. ಕನ್ನಡ ಅಕ್ಷರದಲ್ಲಿ ಒಂದು ಉಪದ್ರ ಉಂಟು, ಕೆಲವು ಎಡಿಟಿಂಗ್ ಆಪ್‌ಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಹೋಗಿ ಕೂರ್ತದೆ. ಕನ್ನಡಕ್ಕಾಗಿ ಹೋರಾಟ ಮಾಡುವ ಪೋಸ್ಟರಿನಲ್ಲೇ ಕನ್ನಡ ಒಡೆದ್ರೆ ಹೇಗೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಈ ಫಾಂಟುಗಳು ಫ್ರೀಯಾಗಿ ಸಿಗ್ತವೆ, ಮೊದ್ಲು ಒಂದು ವಾಕ್ಯ ಟೈಪ್ ಮಾಡಿ ನೋಡಿ, ಒಡೆದ್ರೆ ಬೇರೆ ಆಪಿನಲ್ಲಿ ಅಕ್ಷರವನ್ನು ಚಿತ್ರ ಮಾಡಿ ಅಂಟಿಸಿ. ಪ್ರಕಟಿಸುವ ಮೊದ್ಲು ಒಬ್ಬ ನಿವೃತ್ತ ಕನ್ನಡ ಮಾಷ್ಟ್ರಿಗೆ ಕಳಿಸಿ ಕಾಗುಣಿತ ನೋಡಿಸಿ, ಅವರಿಗೂ ಖುಷಿ ಆಗ್ತದೆ.

ಮಕ್ಕಳ ಮುಖ ಹಾಕ್ಬೇಡಿ. ಪೋಷಕರು ಒಪ್ಪಿದ್ರೂ ಹೆಸರು, ಕ್ಲಾಸು, ಯೂನಿಫಾರ್ಮ್ ಬೇಡ, ನಾಳೆ ಅದೇ ಶಾಲೆಯಲ್ಲಿ ಕೂರುದು ಆ ಮಗು. ಮಗುವಿನ ಕೈ, ಖಾಲಿ ನೋಟ್‌ಬುಕ್ ಪುಟ, ಧ್ವನಿ, ಇಷ್ಟು ಸಾಕು. ಫೋಟೊವನ್ನು ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಅದನ್ನು ತೆಗೆದ ಜಾಗದ ವಿವರವೂ ಜೊತೆಗೆ ಹೋಗುವ ಸಂಭವ ಉಂಟು, ಮನೆಯಲ್ಲಿ ತೆಗೆದ ಫೋಟೊ ಆದ್ರೆ ಆ ಜಾಗದ ವಿವರವನ್ನು ಅಳಿಸಿ ಕಳಿಸಿ. ಪೇಜಿಗೆ ಒಬ್ಬರೇ ಅಡ್ಮಿನ್ ಆಗ್ಬೇಡಿ, ಎಲ್ಲರೂ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ. ಎಐಯಲ್ಲಿ ಮಂತ್ರಿಯ ಧ್ವನಿ, ಮುಖ ಮಾಡಿ ಮಾತಾಡಿಸುದು ಬೇಡ್ವೇ ಬೇಡ.

ಯಾಕೆ ಅಂದ್ರೆ ಸುಳ್ಳು ಪ್ರಕಟಣೆಯ ಕುಶಾಲು ಯಾರ ಮೇಲೆ ಬೀಳ್ತದೆ ಹೇಳ್ಲಿಕ್ಕಾಗುದಿಲ್ಲ. ಭೋಪಾಲ್ ದುರಂತಕ್ಕೆ 20 ವರ್ಷ ಆದ ದಿನ, 2004 ಡಿಸೆಂಬರ್ 3ರಂದು, ಯೆಸ್ ಮೆನ್ ಅನ್ನುವ ಹೋರಾಟಗಾರರ ತಂಡದವರೊಬ್ಬರು ದುರಂತದ ಕಾರ್ಖಾನೆಯ ಯೂನಿಯನ್ ಕಾರ್ಬೈಡನ್ನು ಆಮೇಲೆ ಕೊಂಡ ಡೌ ಕಂಪೆನಿಯ ವಕ್ತಾರ ಅಂತ ಹೇಳಿ ಬಿಬಿಸಿಯಲ್ಲಿ ಕೂತು, ಸಂತ್ರಸ್ತರಿಗೆಲ್ಲ ಪರಿಹಾರ ಕೊಡ್ತೇವೆ ಅಂದ್ರು. ಕಂಪೆನಿಯ ಶೇರು ಬಿತ್ತು, ಇಡೀ ಜಗತ್ತಿಗೆ ಭೋಪಾಲ್ ಮತ್ತೆ ನೆನಪಾಯ್ತು, ಅದೆಲ್ಲ ಸರಿ. ಆದ್ರೆ ಭೋಪಾಲಿನಲ್ಲಿ ಅದನ್ನು ನಂಬಿದವರು ಉಂಟಲ್ಲ, ಅವರಿಗೆ ಸ್ವಲ್ಪ ಹೊತ್ತಿನಲ್ಲಿ ಅದು ಸುಳ್ಳು ಅಂತ ಗೊತ್ತಾಯ್ತು. ನಮ್ಮ ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ನೊಂದು ಪರಿಹಾರಕ್ಕೆ ಕಾಯ್ತಿರುವ ಮನೆಗಳು ಉಂಟು. ಸುಪ್ರೀಂ ಕೋರ್ಟ್ 2017 ಜನವರಿಯಲ್ಲಿ ಮೂರು ತಿಂಗಳೊಳಗೆ 5 ಲಕ್ಷ ಕೊಡಿ ಅಂತ ಹೇಳಿದ್ದನ್ನು ಪಡೀಲಿಕ್ಕೇ ಎಷ್ಟೋ ಜನ ವರ್ಷಗಟ್ಟಲೆ ಅಲೆದಿದ್ದಾರೆ. ಅಂತಾ ಮನೆಗೆ ಸುಳ್ಳು ಆರ್ಡರಿನ ಕುಶಾಲು ಹೋಗ್ಬಾರ್ದು.

ಎಂಡೋಸಲ್ಫಾನ್ ವಿಷಯದಲ್ಲಿ ನಗೆ ಬೇಡ ಅಂತ್ಲೇ ನನ್ನ ಮಾತು. ಅಲ್ಲಿ ಕೆಲಸ ಮಾಡಿದ್ದು ಬೇರೆ. ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಡ್ತಿದ್ದ ಕಾಲದಲ್ಲಿ ಎಣ್ಮಕಜೆ ಪಡ್ರೆಯ ಕಡೆ ಡಾಕ್ಟರ್ ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡದ್ದನ್ನು ಬರ್ದಿಟ್ರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಗಿನ ಪ್ರಪಂಚಕ್ಕೆ ಬರ್ದು ತಿಳಿಸಿದ್ರು, 2001ರಲ್ಲಿ ದೆಹಲಿಯ ಸಿಎಸ್‌ಇ ಅನ್ನುವ ಪರಿಸರ ಸಂಸ್ಥೆ ಆ ಊರಿನ ಸ್ಯಾಂಪಲ್ ಪರೀಕ್ಷೆ ಮಾಡ್ತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಆ ಮದ್ದು ನಿಲ್ಲಿಸ್ತು. ತಾಳ್ಮೆಯಲ್ಲಿ ದಾಖಲೆ ಮಾಡಿ, ಅದನ್ನು ಸರಿಯಾದವರ ಕೈಗೆ ಮುಟ್ಟಿಸಿದ್ದು. ಯಾವುದಕ್ಕೆ ನಗೆ ಹಿಡಿಸ್ತದೆ ಯಾವುದಕ್ಕೆ ಇಲ್ಲ ಅಂತ ನಿರ್ಧರಿಸುವ ಹಕ್ಕು ನೊಂದವರದ್ದು, ಅವರನ್ನು ಕೇಳದೆ ಅವರ ಹೆಸರಲ್ಲಿ ಏನೂ ಮಾಡ್ಬಾರ್ದು.

ಪೇಪರಿನವರು

ಒಬ್ಬ ವರದಿಗಾರನಿಗೆ ಒಂದು ದಿನಕ್ಕೆ ಎಷ್ಟು ಕಾರ್ಯಕ್ರಮ ಇರ್ತದೆ ಅಂತ ಯೋಚಿಸಿ ಪ್ರೆಸ್ ನೋಟ್ ಬರೀರಿ. ಅರ್ಧ ಪುಟ. ಮೊದ್ಲ ಸಾಲಿನಲ್ಲಿ ಎಂತ, ಎಲ್ಲಿ, ಯಾವಾಗ, ಎರಡನೇ ಸಾಲಿನಲ್ಲಿ ಬೇಡಿಕೆ, ಆಮೇಲೆ ಆರ್‌ಟಿಐಯ ಲೆಕ್ಕ. ಅಧ್ಯಕ್ಷರು, ಕಾರ್ಯದರ್ಶಿ, ಉಪಸ್ಥಿತರಿದ್ದವರು ಇದೆಲ್ಲ ಕೊನೆಗೆ. ಒಂದೇ ಫೋಟೊದಲ್ಲಿ ಕುಶಾಲು ಪೂರ್ತಿ ಕಾಣ್ಬೇಕು, ವಿವರಣೆ ಬೇಕಾದ್ರೆ ಅದು ಫೋಟೊ ಅಲ್ಲ. ಕನ್ನಡ ಪೇಪರಿಗೆ ಕನ್ನಡದಲ್ಲಿ, ಮಲಯಾಳ ಪೇಪರಿಗೆ ಮಲಯಾಳದಲ್ಲಿ ಬೇರೆ ಬರೆದು ಕೊಡಿ. ಕಾಸರಗೋಡಿನ ಸಂಜೆ ಪೇಪರುಗಳನ್ನು ಮರೀಬೇಡಿ, ಬೆಳಿಗ್ಗೆ ಕಾರ್ಯಕ್ರಮ ಮಾಡಿದ್ರೆ ಅದೇ ದಿನ ಬರ್ತದೆ, ಆಫೀಸಿನವರು ಮನೆಗೆ ಹೋಗುವ ಬಸ್ಸಿನಲ್ಲಿ ಓದ್ತಾರೆ.

ಕೇಸು, ಬೆದರಿಕೆ

ಹೆದರಿ ಕೂರ್ಬೇಡಿ, ಆದ್ರೆ ಗೊತ್ತಿರ್ಲಿ. 2012ರಲ್ಲಿ ಜಾದವ್‌ಪುರದ ಪ್ರೊಫೆಸರ್ ಅಂಬಿಕೇಶ್ ಮಹಾಪಾತ್ರ ಒಂದು ಕಾರ್ಟೂನನ್ನು ಇಮೇಲಿನಲ್ಲಿ ಕಳಿಸಿದ್ದಕ್ಕೆ ಅರೆಸ್ಟ್ ಆದ್ರು, ಕೇಸಿನಿಂದ ಬಿಡುಗಡೆ ಆದದ್ದು 2023ರಲ್ಲಿ. 2015 ಮಾರ್ಚ್ 24ರಂದು ಆನ್‌ಲೈನಿನಲ್ಲಿ ಬರೆದದ್ದಕ್ಕೆ ಕೇಸು ಹಾಕ್ಲಿಕ್ಕೆ ಬಳಸ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ ಅದೇ ತೀರ್ಪಿನಲ್ಲಿ ಕೇರಳ ಪೋಲೀಸ್ ಕಾಯ್ದೆಯ 118(ಡಿ) ಕೂಡ ಹೋಯ್ತು. 2020 ನವೆಂಬರ್‌ನಲ್ಲಿ 118ಎ ಅಂತ ಹೊಸತು ತಂದಾಗ ಎಷ್ಟು ವಿರೋಧ ಬಂತು ಅಂದ್ರೆ ಕೆಲವೇ ದಿನದಲ್ಲಿ ಸರಕಾರ ಹಿಂದೆ ತೆಗೊಂಡಿತು. ಆದ್ರೂ ಮಾನನಷ್ಟ ಉಂಟು, 2024 ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356, ಧರ್ಮ ಭಾಷೆ ಹೆಸರಲ್ಲಿ ಜನರ ನಡುವೆ ದ್ವೇಷ ಹುಟ್ಟಿಸಿದ್ರೆ 196. ಒಬ್ಬ ವ್ಯಕ್ತಿಯ ಮನೆ, ಸಂಸಾರ, ರೂಪ, ಜಾತಿ ಇದನ್ನು ಮುಟ್ಟದೆ ಆಫೀಸಿನ ಕೆಲಸದ ಮೇಲೆ ಮಾತ್ರ ದಾಖಲೆ ಇಟ್ಟು ಮಾಡಿದ್ರೆ ನೀವು ಗಟ್ಟಿ ನೆಲದಲ್ಲಿ ಇದ್ದೀರಿ. ಗುರುತಿನ ವಕೀಲರೊಬ್ಬರಿಗೆ ಮೊದ್ಲೇ ತೋರಿಸಿ.

ಟ್ರೋಲ್ ಮಾಡ್ಲಿಕ್ಕೆ ಬರುವವರಿಗೆ ಉತ್ತರ ಕೊಡ್ತಾ ಕೂತ್ರೆ ರಾತ್ರಿ ಆಗ್ತದೆ. ಜರ್ಮನಿಯ ವುನ್‌ಸೀಡೆಲ್ ಅನ್ನುವ ಊರಿಗೆ ವರ್ಷವರ್ಷ ನಾಜಿಗಳು ಮೆರವಣಿಗೆ ಬರ್ತಿದ್ರು, 2014ರಲ್ಲಿ ಊರವರು ಅವರು ನಡೆದ ಪ್ರತಿ ಮೀಟರಿಗೆ 10 ಯುರೋ ಲೆಕ್ಕದಲ್ಲಿ ನಾಜಿಗಳ ಗುಂಪು ಬಿಟ್ಟು ಬರುವವರಿಗೆ ಸಹಾಯ ಮಾಡುವ ಸಂಸ್ಥೆಗೆ ದಾನ ತೆಗೆದಿಟ್ಟು, ದಾರಿಯುದ್ದಕ್ಕೂ ಧನ್ಯವಾದದ ಬೋರ್ಡು ಹಾಕಿದ್ರು, 10,000 ಯುರೋ ಆಯ್ತು. ನಾವೂ ಮಾಡುವ. ನಮ್ಮ ಪೋಸ್ಟಿನ ಕೆಳಗೆ ಬರುವ ಪ್ರತಿ ಬೈಗುಳಕ್ಕೆ ಒಂದು ರುಪಾಯಿ ಕನ್ನಡ ಶಾಲೆಯ ಲೈಬ್ರರಿಗೆ ಅಂತ ಮೊದ್ಲೇ ಘೋಷಿಸಿ, ಗಲ್ಫಿನ ಯಾರಾದ್ರೂ ಪ್ರಾಯೋಜಕರನ್ನು ಹಿಡೀರಿ, ಬೈದವರಿಗೆ ಥ್ಯಾಂಕ್ಸ್ ಹೇಳಿ ಲೆಕ್ಕ ಹಾಕ್ತಾ ಹೋಗಿ, ತಿಂಗಳ ಕೊನೆಗೆ ಪುಸ್ತಕ ತಂದ ಬಿಲ್ಲು ಹಾಕಿ.

ಇನ್ನು, ಉತ್ತರ ಬಂದ ದಿನದ ಕೆಲಸ ಮರೀಬೇಡಿ, ತುಂಬ ಜನ ಮರೆಯುದು ಇಲ್ಲೇ. ಕನ್ನಡದಲ್ಲಿ ಉತ್ತರ ಬಂದ್ರೆ, ಫಾರಂ ಅಚ್ಚಾದ್ರೆ, ಟೀಚರ್ ಬಂದ್ರೆ ಅದನ್ನೂ ಅಷ್ಟೇ ದೊಡ್ಡದಾಗಿ ಹಾಕಿ, ವಿಳಾಸ, ಫೋನ್ ನಂಬರ್ ಮುಚ್ಚಿ, ಮಾಡಿ ಕೊಟ್ಟ ಆಫೀಸಿಗೆ ಥ್ಯಾಂಕ್ಸ್ ಬರೆದು, ಕರೆಯೋಲೆ ಕೊಟ್ಟ ಅದೇ ಅಧಿಕಾರಿಗೆ ಹೋಗಿ ಹೇಳಿ ಬನ್ನಿ. ಆ ಕನ್ನಡ ಫಾರಂನ ಪಿಡಿಎಫ್ ಅಕ್ಷಯ ಕೇಂದ್ರಗಳಿಗೆಲ್ಲ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಮುಟ್ಟಿಸಿ, ಪ್ರಿಂಟ್ ತೆಗೆದು ಕೊಡ್ಲಿಕ್ಕೆ ಹೇಳಿ. ಆರ್‌ಟಿಐಗೆ ಉತ್ತರ ಬರದಿದ್ರೆ 31ನೇ ದಿನಕ್ಕೆ ಮೊದಲ ಮೇಲ್ಮನವಿ ಹಾಕಿ, ಅರ್ಜಿಗೆ ಉತ್ತರ ಬರದಿದ್ರೆ ಖಾಲಿ ಕುರ್ಚಿಯ ಫೋಟೊ ಇಟ್ಟು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗೊಂದು ದೂರು, ಅದೂ ಕನ್ನಡದಲ್ಲೇ, ಮುಂದಿನ ಸ್ಪರ್ಧೆಯ ತಾರೀಕು ಕೆಳಗೆ ಬರೆದು.